ನಾಲ್ಕು ತಾಲ್ಲೂಕು, ಮೂರು ಚಮಚ ಪುಡಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ವಿದ್ಯಾವಂತ ನಿರುದ್ಯೋಗಿಗಳಿಗೆ ಒಂದು ಶುಭ ಸಮಾಚಾರ. ಬಿ.ಎ. ಮುಗಿಸಿ, ಬಿ.ಇಡಿ. ಮುಗಿಸಿ, ಪರೀಕ್ಷೆ ಯಾವಾಗ ನಡೆಯುತ್ತದೆ, ನಡೆದದ್ದು ಯಾವಾಗ ರದ್ದಾಗುತ್ತದೆ ಎಂದು ದಾವಣಗೆರೆಯ ಕೋಚಿಂಗ್ ಸೆಂಟರಿನ ಮೆಟ್ಟಿಲ ಮೇಲೆ ಕೂತು ಕಾಯುವ ಕಾಲ ಮುಗಿಯಿತು. ಇನ್ನು ಕೋಚಿಂಗ್ ತೆಗೆದುಕೊಳ್ಳುವುದು ಬೇಡ, ನೀವೇ ಕೋಚ್ ಆಗಿಬಿಡಿ. ವೆಲ್‌ನೆಸ್ ಕೋಚ್. ಇದಕ್ಕೆ ಪ್ರವೇಶ ಪರೀಕ್ಷೆ ಇಲ್ಲ, ವಯೋಮಿತಿ ಇಲ್ಲ, ಕೀ ಉತ್ತರ ತಪ್ಪಾಗುವ ಭಯವಿಲ್ಲ. ಬೇಕಾದದ್ದು ಒಂದು ಬಾಡಿಗೆ ಮಳಿಗೆ, ಒಂದು ತೂಕದ ಯಂತ್ರ, ಒಂದು ಮಿಕ್ಸಿ, ಒಂದು ಹಸಿರು ಟೀ ಷರ್ಟು ಮತ್ತು ನಿಮ್ಮ ಮಾತು ತೆಗೆದುಹಾಕಲಾರದ ಹತ್ತಿಪ್ಪತ್ತು ಮಂದಿ ಬಂಧುಗಳು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಬಂಧುಬಳಗ ಇಲ್ಲದವರಿಗೆ ನೈಸರ್ಗಿಕ ಆರೋಗ್ಯ ಕ್ಷೇತ್ರದಲ್ಲಿ ಭವಿಷ್ಯವಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಮೊದಲು ಎಸ್‌ಟಿಡಿ ಬೂತಾಗಿದ್ದು, ಆಮೇಲೆ ಮೊಬೈಲ್ ಕರೆನ್ಸಿ ಅಂಗಡಿಯಾಗಿ, ಅದಾದ ಮೇಲೆ ಚೀಟಿ ವ್ಯವಹಾರದ ಆಫೀಸಾಗಿ ಒಂದು ರಾತ್ರಿ ಬಾಗಿಲು ಹಾಕಿದ ಮಳಿಗೆಯೇ ಈ ಉದ್ಯೋಗಕ್ಕೆ ಪ್ರಶಸ್ತ. ಗೋಡೆಯ ತುಂಬ ಜೋಡಿ ಫೋಟೋಗಳಿರಬೇಕು: ಎಡಗಡೆ ಹೊಟ್ಟೆ ಬಿಟ್ಟುಕೊಂಡು ಅಳುಮುಖ ಹಾಕಿದವರು, ಬಲಗಡೆ ಉಸಿರು ಒಳಗೆಳೆದುಕೊಂಡು ನಗುತ್ತಿರುವ ಅವರೇ. ಬೆಳಗಿನ ಆರಕ್ಕೆ ಬಂದವರ ಚಪ್ಪಲಿ ಬಿಡಿಸಿ ಯಂತ್ರದ ಮೇಲೆ ನಿಲ್ಲಿಸಿದರೆ, ಅದು ಮೈಯೊಳಗೆ ಸಣ್ಣದೊಂದು ಕರೆಂಟು ಹರಿಸಿ ಕೊಬ್ಬಿನ ಲೆಕ್ಕ ಹಾಕುತ್ತದೆ. ಚೊಂಬು ನೀರು ಕುಡಿದು ಹತ್ತಿದರೆ ಒಂದು ಲೆಕ್ಕ, ಕುಡಿಯದೆ ಹತ್ತಿದರೆ ಇನ್ನೊಂದು ಲೆಕ್ಕ. ಆ ವಿಷಯ ಗಿರಾಕಿಗೆ ಹೇಳಬೇಕಾದ್ದಿಲ್ಲ. ಹೇಳಬೇಕಾದ್ದು ಕೊನೆಯಲ್ಲಿ ಬರುವ ‘ಬಾಡಿ ಏಜ್’ ಮಾತ್ರ. ‘ನಿಮಗೆ ಮೂವತ್ತೈದು ಅಂದ್ರಿ, ನಿಮ್ಮ ಬಾಡಿಗೆ ಐವತ್ತೆರಡಾಗೈತಲ್ಲ ಅಕ್ಕಾ’ ಎಂದು ಕನಿಕರದಿಂದ ನುಡಿದು ಸುಮ್ಮನಾಗಬೇಕು. ಜಾತಕ ನೋಡುವವರೂ ಇಷ್ಟು ಬೇಗ ಯಾರನ್ನೂ ಹೆದರಿಸಿದ್ದಿಲ್ಲ. ಅವರಿಗೆ ಹುಟ್ಟಿದ ಗಳಿಗೆಯಾದರೂ ಬೇಕಾಗುತ್ತಿತ್ತು.

ಹೆದರಿದವರಿಗೆ ಮೂರು ಚಮಚ ಪುಡಿಯ ಶೇಕ್. ಇಡ್ಲಿ ಬಿಡಿ, ಮಂಡಕ್ಕಿ ಬಿಡಿ, ಬೆಳಗಿನ ತಿಂಡಿಯೇ ಬಿಡಿ, ಇದನ್ನು ಕುಡಿಯಿರಿ. ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡುವ ಕೆಟ್ಟ ಅಭ್ಯಾಸ ಯಾರಿಗಾದರೂ ಇದ್ದರೆ, ಇದು ಔಷಧಕ್ಕಾಗಿ ಬಳಸುವ ವಸ್ತುವಲ್ಲ ಎಂಬ ಸಾಲು ಕಾಣುತ್ತದೆ. ಇಂಥ ಪೂರಕ ಆಹಾರದ ಮೇಲೆ ಅದನ್ನು ಮುದ್ರಿಸಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಹೀಗೆ ಡಬ್ಬಿ ಇಂಗ್ಲಿಷಿನಲ್ಲಿ ಸತ್ಯ ಹೇಳುತ್ತದೆ. ಕೋಚ್ ಕನ್ನಡದಲ್ಲಿ ಶುಗರು, ಥೈರಾಯ್ಡು, ಮಂಡಿನೋವು ವಾಸಿ ಮಾಡುತ್ತಾನೆ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ ಮುಂತಾದ 54 ರೋಗ ಮತ್ತು ದೋಷಗಳನ್ನು ಪಟ್ಟಿ ಮಾಡಿ, ಇವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವಂತಿಲ್ಲ ಎಂದು 1954ರಲ್ಲೇ ಕಾಯ್ದೆಯಾಗಿದೆ. ಆ ಪಟ್ಟಿಯಲ್ಲಿ ಬೊಜ್ಜು ಕೂಡ ಇದೆ. ಬಾಯಲ್ಲಿ ಸಾರಿದರೂ ಜಾಹೀರಾತೇ ಎಂದು ಕಾಯ್ದೆ ಬರೆದವರು ಮುಂದಾಲೋಚನೆಯಿಂದ ಸೇರಿಸಿದ್ದಾರೆ. ಆದರೆ ನಮ್ಮ ಕೋಚ್ ಅವರಿಗಿಂತ ಮುಂದೆ ಆಲೋಚಿಸಿದವನು. ಪೊಲೀಸರು ಬಂದರೆ ಪುಡಿ ಆಹಾರ, ಗಿರಾಕಿ ಬಂದರೆ ಅದೇ ಪುಡಿ ಔಷಧ. ತಾನು ಜಾಹೀರಾತು ಕೊಡುವುದೂ ಇಲ್ಲ; ಸ್ಟೇಟಸ್ಸಿನಲ್ಲಿ ‘ಅನುಭವ ಹಂಚಿಕೊಳ್ಳುತ್ತಾನೆ’, ಅಷ್ಟೆ.

ಪುಡಿ ಮಾರಿ ಬದುಕುತ್ತೇನೆ ಎಂದುಕೊಂಡು ಬಂದವರಿಗೆ ಬೇಗನೆ ಜ್ಞಾನೋದಯವಾಗುತ್ತದೆ. ಇಲ್ಲಿ ಗಿಟ್ಟುವುದು ಪುಡಿ ಮಾರುವವರಿಗಲ್ಲ, ಪುಡಿ ಮಾರುವವರನ್ನು ಹುಟ್ಟಿಸುವವರಿಗೆ. ಮೇಲಿರುವವನು ಅಪ್‌ಲೈನ್, ಕೆಳಗಿರುವವನು ಡೌನ್‌ಲೈನ್. ಶೇಕ್ ಕುಡಿಯಲು ಬಂದ ಅಕ್ಕನ ತೂಕ ಎರಡು ಕೆಜಿ ಇಳಿದ ಕೂಡಲೇ ‘ನೀವೇ ಯಾಕೆ ಒಂದು ಕ್ಲಬ್ ತೆರೀಬಾರದು’ ಅನ್ನಬೇಕು. ಅಕ್ಕ ನಾದಿನಿಯನ್ನು, ನಾದಿನಿ ಸ್ತ್ರೀಶಕ್ತಿ ಸಂಘದ ಗೆಳತಿಯನ್ನು, ಆಕೆ ತನ್ನ ಸಾಲದ ಗುಂಪಿನ ಹೆಣ್ಣುಮಕ್ಕಳನ್ನು ಸೇರಿಸುತ್ತಾ ಹೋದರೆ, ವರ್ಷ ತುಂಬುವುದರೊಳಗೆ ಬೀದಿಯಲ್ಲಿ ಗಿರಾಕಿ ಎನ್ನುವ ಪ್ರಾಣಿಯೇ ಉಳಿಯುವುದಿಲ್ಲ. ಎಲ್ಲರೂ ಕೋಚ್‌ಗಳು. ಒಬ್ಬರ ತೂಕ ಒಬ್ಬರು ನೋಡಿಕೊಂಡು, ಒಬ್ಬರ ಬಾಡಿ ಏಜಿಗೆ ಒಬ್ಬರು ಮರುಗಿ, ಮನೆಗೆ ಹೋಗುತ್ತಾರೆ. ‘ಲೆವೆಲ್’ ಉಳಿಸಿಕೊಳ್ಳಲು ತಿಂಗಳಿಗಿಷ್ಟು ಸರಕು ಎತ್ತಲೇಬೇಕು. ಎತ್ತಿದ ಡಬ್ಬಿಗಳು ಮಂಚದ ಕೆಳಗೆ ಮೆಕ್ಕೆಜೋಳದ ಚೀಲಗಳ ಪಕ್ಕದಲ್ಲಿ ಎಕ್ಸ್‌ಪೈರಿ ದಿನಾಂಕವನ್ನು ಎದುರು ನೋಡುತ್ತಿರುತ್ತವೆ.

ಇದು ನಮ್ಮ ಕಡೆಯವರ ಪೆದ್ದುತನ ಎಂದು ಯಾರೂ ಸಂಕೋಚಪಡಬೇಕಿಲ್ಲ. ಶೇಕ್ ಪುಡಿಯಿಂದಲೇ ಲೋಕಪ್ರಸಿದ್ಧವಾದ ಹರ್ಬಾಲೈಫ್ ಕಂಪನಿ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಗೆ ಬಂದು 20 ಕೋಟಿ ಡಾಲರ್ ಕಟ್ಟಿತು. ದೊಡ್ಡ ಸಂಪಾದನೆಯ ಮಾತು ನಂಬಿ ಸೇರಿದವರಲ್ಲಿ ಬಹುಪಾಲು ಜನಕ್ಕೆ ಏನೂ ದಕ್ಕಲಿಲ್ಲವೆಂಬುದು ಕಮಿಷನ್ನಿನ ಆರೋಪವಾಗಿತ್ತು. ಮರುವರ್ಷ ಸುಮಾರು 3.5 ಲಕ್ಷ ಮಂದಿಯ ವಿಳಾಸಕ್ಕೆ ಪರಿಹಾರದ ಚೆಕ್‌ಗಳು ಹೋದವು. ನಲ್ಲೂರಿಗೋ ಬಸವಾಪಟ್ಟಣಕ್ಕೋ ಚೆಕ್ ಬರಬೇಕಾದರೆ ಮೊದಲು ಅಮೆರಿಕದಲ್ಲಿ ಮೋಸಹೋಗುವ ಯೋಗ್ಯತೆ ಬೇಕು. ನಮ್ಮ ಕೇಂದ್ರ ಸರ್ಕಾರವೂ ಸುಮ್ಮನೆ ಕೂರಲಿಲ್ಲ. 2021ರ ಡಿಸೆಂಬರಿನಲ್ಲಿ ನೇರ ಮಾರಾಟದ ನಿಯಮ ತಂದು, ಪಿರಮಿಡ್ ಯೋಜನೆ ನಡೆಸಕೂಡದು, ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಗೊತ್ತುಮಾಡಿಕೊಳ್ಳದೆ ಗ್ರಾಹಕರ ಮನೆಗೆ ಕಾಲಿಡಕೂಡದು ಎಂದು ಸಾರಿತು. ಈ ನಿಯಮ ಬರೆದ ದಿಲ್ಲಿಯವರು ಸಂತೆಬೆನ್ನೂರಿನ ಬೀಗರನ್ನು ಕಂಡವರಲ್ಲ. ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಬಂದ ಅತ್ತಿಗೆಯನ್ನು ಹೊಸ್ತಿಲಲ್ಲೇ ತಡೆದು, ‘ಐಡಿ ಕಾರ್ಡು ತೋರಿಸ್ರಿ ಅತ್ತಿಗೆ, ಅಪಾಯಿಂಟ್‌ಮೆಂಟ್ ತಗಂಡಿದ್ರಾ’ ಎಂದು ಕೇಳುವ ಗಂಡೆದೆ ಯಾವ ಗ್ರಾಹಕನಿಗಿದೆ?

ಚನ್ನಗಿರಿಯಲ್ಲಿ ಈ ವೃತ್ತಿ ಹಿಡಿಯುವುದು ಬಲು ಸುಲಭ. ಅಲ್ಲಿ ವೃತ್ತಿಯಿಂದಲೇ ಹೊಟ್ಟೆ ತುಂಬಬೇಕೆಂಬ ಕಟ್ಟುಪಾಡಿಲ್ಲ, ಅಪ್ಪನ ಅಡಿಕೆ ತೋಟವಿದೆ. ಭದ್ರಾ ನಾಲೆಯ ನೀರಿಗೆ ಗದ್ದೆಗಳು ತೋಟಗಳಾದವು, ಭತ್ತ ಬೆಳೆದವರ ಮೊಮ್ಮಕ್ಕಳು ಅಕ್ಕಿಯನ್ನು ಅಂಗಡಿಯಿಂದ ತರುತ್ತಾರೆ, ಮಳೆ ಕೈಕೊಟ್ಟ ವರ್ಷ ಟ್ಯಾಂಕರಿನಲ್ಲಿ ನೀರು ಹೊತ್ತು ಅಡಿಕೆ ಗಿಡದ ಬಾಯಿಗೆ ಬಿಡುತ್ತಾರೆ. ಆ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ, ತಂಬಾಕಿನ ಸಹವಾಸ ಇಲ್ಲದಿದ್ದರೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿನ ವಸ್ತು ಎಂದು ಘೋಷಿಸಿತು. ಈ ಸುದ್ದಿ ಫ್ರಾನ್ಸಿನ ಲಿಯಾನ್‌ನಿಂದ ಹೊರಟದ್ದು ಇನ್ನೂ ದಾರಿಯಲ್ಲೇ ಇದೆ. ರಾಶಿ ಇಡಿ ಅಡಿಕೆಯ ಧಾರಣೆ ಮಾತ್ರ ದಿನವೂ ತಪ್ಪದೆ ಬಂದು ಮುಟ್ಟುತ್ತದೆ. ಅಡಿಕೆಯ ಮಾನ ಕಾಪಾಡುತ್ತೇವೆಂದು ಯಾವ ಪಕ್ಷದವರು ಹೇಳದಿದ್ದರೂ ಇಲ್ಲಿ ಠೇವಣಿ ಉಳಿಯುವುದಿಲ್ಲ. ಅಡಿಕೆಯಲ್ಲಿ ಔಷಧೀಯ ಗುಣವಿದೆ ಎಂದು ಭಾಷಣ ಮಾಡುವವರು ಸಾಮಾನ್ಯವಾಗಿ ವೇದಿಕೆಯ ಹಿಂದೆ ಹೋಗಿ ಒಮ್ಮೆ ಉಗುಳಿ ಬಂದು ಮಾತು ಮುಂದುವರಿಸುತ್ತಾರೆ.

ಲೆಕ್ಕ ಹೀಗಿದೆ. ಅಡಿಕೆ ಉತ್ತರದ ಗುಟ್ಕಾ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಅದನ್ನು ಜಗಿದು ಜಗಿದು ಯಾರದೋ ದವಡೆ ಬಿಗಿದು ಬಾಯಿ ತೆರೆಯದಂತಾಗುತ್ತದೆ. ಆ ದುಡ್ಡು ಹಿಂದಿರುಗಿ ಬಂದಾಗ ಇಲ್ಲಿ ಒಬ್ಬ ವೆಲ್‌ನೆಸ್ ಕೋಚಿನ ಷಟರು ತೆರೆಯುತ್ತದೆ. ಇದಕ್ಕಿಂತ ಸಮಗ್ರವಾದ ಆರೋಗ್ಯ ಉದ್ಯಮ ಬೇರೆಲ್ಲಿದೆ?

ಹೊನ್ನಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ತುಂಗಭದ್ರೆ ಇದೆ, ರಾಜಕೀಯ ಇದೆ, ಎರಡರಲ್ಲೂ ಈಜುವವರಿಗೆ ಬೇರೆ ವ್ಯಾಯಾಮ ಬೇಕಿಲ್ಲ. ಆದರೆ ಒಂದು ಮಾತು. ಈ ನಾಲ್ಕು ತಾಲ್ಲೂಕಿನಲ್ಲಿ ನಿಜವಾದ ಪೌಷ್ಟಿಕಾಂಶ ತಜ್ಞರು ಯಾರಾದರೂ ಇದ್ದರೆ ಅವರು ಹೊನ್ನಾಳಿ ಕಡೆಯ ಹೋರಿ ಸಾಕುವವರು. ಹೋರಿ ಬೆದರಿಸುವ ಹಬ್ಬಕ್ಕೆ ತಯಾರಾಗುವ ಹೋರಿಗೆ ನೆನೆಸಿದ ಹುರುಳಿ ಎಷ್ಟು, ಹತ್ತಿಕಾಳು ಎಷ್ಟು, ಹಿಂಡಿ ಎಷ್ಟು, ಯಾವ ಹೊತ್ತಿಗೆ ಈಜು, ಯಾವ ಹೊತ್ತಿಗೆ ನಡಿಗೆ ಎಂದು ಅವರಿಗೆ ಬಾಯಿಪಾಠ. ಹೋರಿಯ ಮೂತಿಗೆ ಮೊಟ್ಟೆ ಒಡೆದು ಹಾಕುವ ಆ ಕೈಯೇ, ಅಳುವ ಮಗನ ಕೈಗೆ ಐದು ರೂಪಾಯಿಯ ಚಿಪ್ಸ್ ಪೊಟ್ಟಣ ಕೊಟ್ಟು ಸುಮ್ಮನಾಗಿಸುತ್ತದೆ. ಹೋರಿ ಬಹುಮಾನಕ್ಕೆ ಬೈಕು ತರುತ್ತದೆ. ಮಗ ತರುವುದು ಅಂಕಪಟ್ಟಿ. ಹಾಗಾಗಿ ತಪ್ಪು ಯಾರದೆಂದು ಹೇಳುವುದು ಕಷ್ಟ.

ಜಗಳೂರಿನ ಕತೆಗೆ ಸ್ವಲ್ಪ ಹೊತ್ತು ಬೇಕು.

ನವಣೆ, ಸಾಮೆ, ಸಜ್ಜೆ, ಹುರುಳಿ ಬೆಳೆದು ಬದುಕಿದ ನೆಲ ಅದು. ಮಳೆ ಕಡಿಮೆ, ಮಣ್ಣು ಬಡವು, ಜನ ಗಟ್ಟಿ. ನವಣೆ ಅನ್ನ ಬಡವರ ಮನೆಯ ಗುರುತಾಗಿದ್ದಾಗ ಅದನ್ನು ಬಿಟ್ಟು ಅಕ್ಕಿಗೆ ಹಾರಿದವರು ನಾವು. ಹೊಲದಲ್ಲಿ ಅದನ್ನು ಕಿತ್ತು ಮೆಕ್ಕೆಜೋಳ ಹಾಕಿದವರೂ ನಾವು. ಆಮೇಲೆ ಅಮೆರಿಕದ ಕೆಲಸ ಬಿಟ್ಟು ಮೈಸೂರಿಗೆ ಬಂದ ಡಾ. ಖಾದರ್ ಅವರು ನವಣೆ, ಸಾಮೆ, ಊದಲು, ಹಾರಕ, ಕೊರಲೆ ತಿನ್ನಿರಿ ಎಂದು ಊರೂರು ಸುತ್ತಿ ಹೇಳಿದರು. ಬೆಂಗಳೂರಿನಲ್ಲಿ ಸಿರಿಧಾನ್ಯ ಮೇಳಗಳಾದವು. ಹೆಕ್ಟೇರಿಗೆ 10,000 ರೂಪಾಯಿ ಕೊಡುವ ರೈತಸಿರಿ ಯೋಜನೆ ಬಂತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದಿತು, ಅದೇ ವರ್ಷ ಖಾದರ್ ಅವರಿಗೆ ಪದ್ಮಶ್ರೀಯೂ ಬಂತು. ಇಷ್ಟೂ ಸಾಲದೆಂದು ಕೇಂದ್ರದವರು ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ದಾವಣಗೆರೆ ಜಿಲ್ಲೆಗೆ ಯಾವ ಬೆಳೆ ಕೊಟ್ಟರು ಬಲ್ಲಿರಾ? ಕಣ್ಣಿಗೆ ಕಾಣುವಷ್ಟು ದೂರ ಮೆಕ್ಕೆಜೋಳ, ಕಾಣದಷ್ಟು ದೂರಕ್ಕೆ ಅಡಿಕೆ ಇರುವ ಜಿಲ್ಲೆಗೆ ಸಿರಿಧಾನ್ಯ! ಕಿರು ಆಹಾರ ಸಂಸ್ಕರಣಾ ಘಟಕ ಹಾಕುವವರಿಗೆ ಕೇಂದ್ರದ ಯೋಜನೆಯಲ್ಲಿ ಸಹಾಯಧನ 35 ಪರ್ಸೆಂಟು, ಅದರ ಮೇಲೆ ರಾಜ್ಯ ಸೇರಿಸಿದ್ದು ಇನ್ನೂ 15. ಘಟಕ ಹಾಕಿ, ಬೋರ್ಡು ಬರೆಸಿ, ಹೊಸ್ತಿಲಿಗೆ ತೆಂಗಿನಕಾಯಿ ಒಡೆದವರು ಆಮೇಲೆ ನವಣೆ ಹುಡುಕಿಕೊಂಡು ಊರೂರು ಅಲೆಯಬೇಕು.

ಸಿಕ್ಕ ನವಣೆಯ ಕತೆಯೂ ಸುಖದ್ದಲ್ಲ. ಹೊಟ್ಟು ಬಿಡಿಸದೆ ಅದನ್ನು ತಿನ್ನಲು ಬರುವುದಿಲ್ಲ, ಬಿಡಿಸುವ ಮಿಲ್ಲು ಹತ್ತಿರದಲ್ಲಿರುವುದಿಲ್ಲ. ಹಿಂದೆ ಒನಕೆ ಹಿಡಿದು ಕುಟ್ಟುತ್ತಿದ್ದ ಹೆಂಗಸರು ಈಗ ಕೇಳುವ ಪ್ರಶ್ನೆಗೆ ಯಾವ ಕೃಷಿ ವಿಜ್ಞಾನಿಯ ಬಳಿಯೂ ಉತ್ತರವಿಲ್ಲ: ‘ಕುಟ್ಟೋರು ಯಾರು, ನೀವಾ?’ ಹೀಗಾಗಿ ಚೀಲದಲ್ಲೇ ಹೊರಟ ಕಾಳು ದೂರದ ಊರಿನಲ್ಲಿ ಪಾಲಿಷ್ ಆಗಿ, ಅದರೊಳಗಿನ ಸಾರವೆಲ್ಲ ತವುಡಿನ ಜೊತೆ ಹೋಗಿ, ಚೆಂದದ ಪ್ಯಾಕೆಟ್ಟಿನಲ್ಲಿ ನೂರಾರು ರೂಪಾಯಿಯ ‘ಪರಂಪರೆಯ ಆಹಾರ’ವಾಗಿ ಹಿಂತಿರುಗುತ್ತದೆ. ಜಗಳೂರಿನವನಿಗೆ ಅದನ್ನು ಕೊಳ್ಳುವ ಶಕ್ತಿ ಇಲ್ಲ. ಅವನು ಪಡಿತರದ ಅಕ್ಕಿ ತಿನ್ನುತ್ತಾನೆ.

ಮೆಕ್ಕೆಜೋಳದ್ದು ಇನ್ನೂ ಸೊಗಸಾದ ಯಾತ್ರೆ. 2025-26ಕ್ಕೆ ಸರ್ಕಾರ ಅದಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಕೆಜಿಗೆ 24. ಆ ಬೆಲೆ ಸಿಗಲಿ ಎಂದು ರೈತ ರಸ್ತೆ ತಡೆಯುತ್ತಾನೆ. ಮೆಕ್ಕೆಜೋಳ ಕೋಳಿಯ ಹೊಟ್ಟೆಗೆ ಹೋಗುತ್ತದೆ, ಎಥನಾಲ್ ಆಗಿ ಕಾರಿನ ಹೊಟ್ಟೆಗೆ ಹೋಗುತ್ತದೆ, ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಆ ಪಿಷ್ಟದಿಂದ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಬಿಳಿ ಪುಡಿ ಮಾಡುತ್ತಾರೆ. ಮಾರುಕಟ್ಟೆಯ ಎಷ್ಟೋ ಪೌಷ್ಟಿಕ ಪುಡಿಗಳ ಡಬ್ಬಿಯ ಮೇಲೆ, ಓದಲು ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ, ಆ ಹೆಸರು ಕೂತಿರುತ್ತದೆ. ಅಂದರೆ ಕೆಜಿಗೆ 24 ರೂಪಾಯಿಯೂ ಗಿಟ್ಟದೆ ಅಪ್ಪ ಮಾರಿದ ಜೋಳದ ಸಂತತಿಯನ್ನೇ, ಸಾವಿರಾರು ರೂಪಾಯಿಯ ಡಬ್ಬಿಯಲ್ಲಿ ಮಗ ಮನೆಗೆ ತಂದು, ‘ಅಪ್ಪಾ, ಇದು ಸೆಲ್ ನ್ಯೂಟ್ರಿಷನ್ನು’ ಎಂದು ಅವನಿಗೇ ಕುಡಿಸುತ್ತಿರಬಹುದು.

ಜಗಳೂರಿನಲ್ಲಿ ‘ಡಿಟಾಕ್ಸ್’ಗೂ ಒಳ್ಳೆಯ ಅವಕಾಶವಿದೆ. ಬೆಳಗ್ಗೆ ಬೆಚ್ಚಗಿನ ನೀರಿಗೆ ನಿಂಬೆ ಹಿಂಡಿ ಕುಡಿದು ದೇಹದ ವಿಷ ತೆಗೆಯಿರಿ ಎಂದು ಕೋಚ್ ಹೇಳುತ್ತಾನೆ. ವಿಷ ಇರುವುದು ಆ ನೀರಿನಲ್ಲೇ. ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದಾಗುತ್ತದೆ, ಆಮೇಲೆ ಕೀಲು ಹಿಡಿಯುತ್ತದೆ. ಅದಕ್ಕೆ ನಿಂಬೆಹಣ್ಣಿನಲ್ಲಿ ಪರಿಹಾರವಿಲ್ಲ; ಐದು ರೂಪಾಯಿಯ ನಾಣ್ಯ ಹಾಕಿದರೆ ನೀರು ಕೊಡುವ ಊರಿನ ಶುದ್ಧ ನೀರಿನ ಘಟಕ ಕೆಡದೆ ನಿಂತರೆ ಪರಿಹಾರವಿದೆ. ಆದರೆ ಕೆಟ್ಟ ಮೋಟರು ರಿಪೇರಿ ಮಾಡುವವನನ್ನು ಯಾರೂ ವೆಲ್‌ನೆಸ್ ಕೋಚ್ ಎಂದು ಕರೆಯುವುದಿಲ್ಲ. ಅವನ ಬಿಲ್ಲು ಪಂಚಾಯ್ತಿಯಲ್ಲಿ ಪಾಸಾಗುವುದೂ ಇಲ್ಲ. ಈಗ ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆ ತುಂಬಿಸುವ ಯೋಜನೆಯಿಂದ ತಾಲ್ಲೂಕಿಗೆ ಜೀವ ಬಂದಿದೆ. ಅಂತರ್ಜಲ ಏರಿದ ಸುಳಿವು ಸಿಕ್ಕಿದ್ದೇ ತಡ, ಕೊಂಡುಕುರಿ ಓಡಾಡುವ ಆ ಸೀಮೆಯ ರೈತರು ನೆಟ್ಟದ್ದು ಏನು? ನವಣೆಯಲ್ಲ ಸ್ವಾಮಿ. ಅಡಿಕೆ.

ಅಂದಮೇಲೆ ಆಹಾರ, ಆರೋಗ್ಯದ ವಿದ್ಯೆಯನ್ನು ಓದಿ ಕಲಿತವರೇ ಇಲ್ಲವೇ ಎಂದು ಕೇಳಬಹುದು. ಇದ್ದಾರೆ. ಪ್ರಕೃತಿ ಚಿಕಿತ್ಸೆಗೆ ಐದೂವರೆ ವರ್ಷದ ಪದವಿ ಇದೆ. ಉಜಿರೆಯ ಕಾಲೇಜಿನಲ್ಲಿ 1989ರಿಂದ ಕಲಿಸುತ್ತಿದ್ದಾರೆ. ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಇದೆ. 2021ರಲ್ಲಿ ಬಂದ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಡಯಟೀಷಿಯನ್ನರಿಗೆ ಜಾಗವಿದೆ, ವೆಲ್‌ನೆಸ್ ಕೋಚಿಗೆ ಇಲ್ಲ. ಆದರೆ ಓದಿದವರ ಕಷ್ಟವೇ ಬೇರೆ. ಅವರು ಬೇಸರದ ಮಾತು ಹೇಳುತ್ತಾರೆ. ಅನ್ನ ಕಡಿಮೆ ಮಾಡಿ, ಕಾಳು ಸೊಪ್ಪು ಜಾಸ್ತಿ ಮಾಡಿ, ನಡೆಯಿರಿ, ನಿದ್ದೆ ಮಾಡಿ, ಶುಗರಿನ ಮಾತ್ರೆ ನಿಲ್ಲಿಸಬೇಡಿ. ಇಷ್ಟು ಕೇಳಲು ಇನ್ನೂರು ರೂಪಾಯಿ ಯಾಕೆ ಕೊಡಬೇಕು? ನಮ್ಮಜ್ಜಿ ಪುಕ್ಕಟೆ ಹೇಳುತ್ತಿದ್ದಳು, ಆಗಲೂ ನಾವು ಕೇಳಲಿಲ್ಲ. ಬಾಡಿ ಏಜ್ ಹೇಳದ, ಡಬ್ಬಿ ಕೊಡದ, ಕೇಳಿದವರನ್ನು ವೈದ್ಯರನ್ನಾಗಿ ಮಾಡದ ವೈದ್ಯರಿಗೆ ತಾಲ್ಲೂಕು ಕೇಂದ್ರದಲ್ಲಿ ಮಳಿಗೆ ಬಾಡಿಗೆಯೂ ಹುಟ್ಟುವುದಿಲ್ಲ. ಅವರು ಬೆಂಗಳೂರು ದಾರಿ ಹಿಡಿದು, ದಿನಕ್ಕೆ ಸಾವಿರಾರು ರೂಪಾಯಿ ಕೊಟ್ಟು ಉಪವಾಸ ಮಾಡಲು ಬರುವವರನ್ನು ನೋಡಿಕೊಳ್ಳುತ್ತಾರೆ.

ಹಸಿರು ಟೀ ಷರ್ಟಿನ ಹುಡುಗರ ಮೇಲೆ, ನಿಜ ಹೇಳಬೇಕೆಂದರೆ, ನನಗೆ ಸಿಟ್ಟಿಲ್ಲ. ಪದವಿ ಇರುವವನಿಗೆ ತಾಲ್ಲೂಕಿನಲ್ಲಿ ಸಿಕ್ಕುವ ಕೆಲಸ ಅಡಿಕೆ ಸುಲಿಯುವುದು, ಫೈನಾನ್ಸಿನವರ ಕಂತು ವಸೂಲಿ ಮಾಡುವುದು, ಇಲ್ಲವೇ ಶಾಸಕರ ಹುಟ್ಟುಹಬ್ಬಕ್ಕೆ ಫ್ಲೆಕ್ಸು ಕಟ್ಟುವುದು. ‘ಸಾರ್’ ಎಂದು ಯಾರಾದರೂ ಕರೆಯುವುದು ಆ ಮಳಿಗೆಯಲ್ಲಿ ಮಾತ್ರ. ಭಾನುವಾರದ ಝೂಮ್ ಮೀಟಿಂಗಿನಲ್ಲಿ ಅಪ್‌ಲೈನ್ ‘ನೀನು ಲೀಡರ್’ ಎಂದಾಗ ಅವನ ಕಣ್ಣು ಒದ್ದೆಯಾಗುತ್ತದೆ. ಆ ಒಂದು ಮಾತಿಗೆ ಅವನು ತಿಂಗಳಿಗೊಂದು ಪೆಟ್ಟಿಗೆ ಪುಡಿ ಕೊಳ್ಳುತ್ತಾನೆ. ಕಂಪನಿಗೆ ಈ ನಾಲ್ಕು ತಾಲ್ಲೂಕಿನಲ್ಲಿ ನಂಬಿಕಸ್ಥ ಗಿರಾಕಿ ಎಂದಿದ್ದರೆ ಅವನೊಬ್ಬನೇ.

ಇನ್ನು ನ್ಯಾಮತಿ. ಹೊನ್ನಾಳಿಯ ಹೊಟ್ಟೆಯಿಂದ ಬಿಡಿಸಿಕೊಂಡು 2018ರಲ್ಲಿ ತಾಲ್ಲೂಕಾದ ಊರು. ಸೂರಗೊಂಡನಕೊಪ್ಪದಲ್ಲಿ ಸೇವಾಲಾಲರ ಜಯಂತಿಗೆ ಫೆಬ್ರುವರಿಯಲ್ಲಿ ಲಂಬಾಣಿ ಸಮುದಾಯದ ಜನಸಾಗರವೇ ಸೇರುತ್ತದೆ. ವೇದಿಕೆಯ ಮೇಲೆ ಎಲ್ಲ ಪಕ್ಷದವರೂ ಸಮುದಾಯದ ಅಭಿವೃದ್ಧಿ ಮಾಡಿ ಮುಗಿಸುತ್ತಾರೆ. ಈ ಸೀಮೆಯ ತಾಂಡಾಗಳಿಂದ ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯಲು, ಕಾಫಿ ಕೊಯ್ಯಲು ಗುಳೆ ಹೋಗುವ ಕುಟುಂಬಗಳಿವೆ. ಜೊತೆಗೆ ಹೋದ ಕೂಸು ಅಂಗನವಾಡಿಯ ಮೊಟ್ಟೆ, ಹಾಲು, ಪುಷ್ಟಿ ಹಿಟ್ಟಿನ ಲೆಕ್ಕದಿಂದ ತಿಂಗಳುಗಟ್ಟಲೆ ಜಾರಿಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದವರಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ಇವರ ಬಾಡಿ ಏಜ್ ನಿಜವಯಸ್ಸಿಗಿಂತ ಕಡಿಮೆ ಬರುತ್ತದೇನೋ. ಕೋಚ್‌ಗಳು ಇವರ ಫೋಟೋವನ್ನು ಬಲಗಡೆ ಹಾಕಿಕೊಳ್ಳಬಹುದು.

ಇಂಥ ಮಕ್ಕಳನ್ನು ತಿಂಗಳು ತಿಂಗಳೂ ತೂಗಿ, ಬಸುರಿಗೆ ಬಾಣಂತಿಗೆ ಮಾತೃಪೂರ್ಣದ ಊಟ ಬೇಯಿಸಿ ಬಡಿಸಿ, ಅದನ್ನೆಲ್ಲ ಸಿಗ್ನಲ್ಲಿಲ್ಲದ ಊರಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪಿಗೆ ತುಂಬುವ ಅಂಗನವಾಡಿಯ ಹೆಣ್ಣುಮಗಳೊಬ್ಬಳಿದ್ದಾಳೆ. ದೇಶದಲ್ಲಿ 1975ರಿಂದ ಈ ಕೆಲಸ ನಡೆದಿದೆ. ಪೌಷ್ಟಿಕಾಂಶದಲ್ಲಿ ಇಷ್ಟು ದೀರ್ಘ ಅನುಭವ ಇರುವ ಬೇರೆ ವೃತ್ತಿ ಈ ಸೀಮೆಯಲ್ಲಿ ಇಲ್ಲ. ಸಂಬಳ ಕೇಳಬೇಡಿ, ಅದು ಸಂಬಳವೇ ಅಲ್ಲವೆಂದು ಸರ್ಕಾರ ಹೇಳುತ್ತದೆ. ಆಕೆಯ ಜೊತೆಗಾತಿಯರಾದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ 15,000 ಕೇಳಿ, 10,000ದ ಭರವಸೆ ಪಡೆದು ಊರಿಗೆ ಮರಳಿದರು. ಅವರಿಗೆ ಯಾರೂ ‘ಲೀಡರ್’ ಅನ್ನಲಿಲ್ಲ.

ನ್ಯಾಮತಿ ಕಡೆಯ ಹಳ್ಳಿಯ ಒಬ್ಬ ಕೋಚಿಗೆ ಇಂಥ ಅಂಗನವಾಡಿ ಟೀಚರನ್ನೇ ಡೌನ್‌ಲೈನ್ ಮಾಡಿಕೊಳ್ಳುವ ಯೋಚನೆ ಬಂದಿತು ಅಂದುಕೊಳ್ಳಿ. ಊರಿನ ಪ್ರತಿ ಮನೆಯ ಬಸುರಿ, ಬಾಣಂತಿ, ಕೂಸಿನ ತೂಕ ಅವರ ಪುಸ್ತಕದಲ್ಲಿದೆ. ಅಪ್‌ಲೈನ್ ಭಾಷೆಯಲ್ಲಿ ಅದಕ್ಕೆ ಡೇಟಾ ಅನ್ನುತ್ತಾರೆ. ಅವನು ಹೋದ. ‘ಟೀಚರಮ್ಮಾ, ನೀವು ಹೆಂಗೂ ತೂಕ ನೋಡ್ತೀರಿ. ಒಂದೊಂದು ಕೆಜಿಗೂ ಕಮಿಷನ್ ಐತಿ’ ಎಂದ.

ಟೀಚರು ಸಾರಿಗೆ ಸೊಪ್ಪು ಹಾಕುತ್ತಿದ್ದವರು ಸೌಟು ಕೆಳಗಿಡದೆ ಕೇಳಿದರು: ‘ಇಳಿಸೋ ಕೆಜಿಗೋ, ಏರಿಸೋ ಕೆಜಿಗೋ ತಮ್ಮಾ? ನನ್ ಹತ್ರ ಏರಿಸಬೇಕಾದ ಹುಡುಗ್ರು ಹನ್ನೊಂದು ಐದಾವೆ.’

ಕೋಚ್ ಹೊರಗೆ ಬಂದು, ಸಿಗ್ನಲ್ ಸಿಗುವ ಕಟ್ಟೆ ಹತ್ತಿ ಅಪ್‌ಲೈನಿಗೆ ಫೋನು ಮಾಡಿ ವಿಚಾರಿಸಿದ. ಅಂಥ ಪ್ಲಾನು ಸದ್ಯಕ್ಕೆ ಕಂಪನಿಯಲ್ಲಿ ಇಲ್ಲವಂತೆ.